ಮುಚ್ಚಳದ ಮೇಲಿನ ಸೌಟು

ಅಂಬಲಪಾಡಿ, ಉಡುಪಿ
29 ಸೆಪ್ಟೆಂಬರ್ 2001, ಶನಿವಾರ ಬೆಳಿಗ್ಗೆ

ಪ್ರೀತಿಯ ಅತ್ತೆಗೆ ಪಂಕಜಾಳ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಪುಣೆಯ ನೀರು ನಿಮಗೆ ಒಗ್ಗಿತೇ? ರಾತ್ರಿ ಸರಿಯಾಗಿ ನಿದ್ದೆ ಬರುತ್ತದೆಯೇ? ಇದನ್ನೆಲ್ಲ ಫೋನಿನಲ್ಲಿ ಕೇಳೋಣವೆಂದರೆ ನೀವು ಫೋನಿಗೆ ಬರುವುದೇ ಇಲ್ಲ. ಮೂರು ಭಾನುವಾರವೂ ವಾರಿಜಕ್ಕನೇ ಎತ್ತಿದರು, ಮೂರು ಸಲವೂ "ಅಮ್ಮ ಜಪಕ್ಕೆ ಕೂತಿದ್ದಾರೆ ಪಂಕಜಾ" ಎಂದರು. ಸ್ವಂತ ಮಗಳ ಮನೆಯಲ್ಲಿ ಕೂತು ಅಷ್ಟೊಂದು ಜಪ ಮಾಡುವವರು ನೀವಲ್ಲ ಎಂದು ನನಗೆ ಗೊತ್ತು. ನಿಮ್ಮ ಎಣ್ಣೆಯ ಬಾಟಲಿ ದೇವರ ಕೋಣೆಯ ಕಿಟಕಿಯಲ್ಲೇ ಉಳಿದಿದೆ. ನೀವು ಮರೆತಿರಿ ಎಂದು ಹೇಳುತ್ತಿಲ್ಲ. ರೈಲಿಗೆ ಹೊತ್ತಾಯಿತೆಂದು ನಾವೆಲ್ಲ ಸೇರಿ ನಿಮ್ಮನ್ನು ಹೊರಡಿಸಿದ ಗಡಿಬಿಡಿಯಲ್ಲಿ ಉಳಿದದ್ದು ಅದು. ಮೊದಲೇ ಹೇಳಿಬಿಡುತ್ತೇನೆ, ಈ ಪತ್ರದಲ್ಲಿ ಮರೆವು ಎಂಬ ಮಾತು ಎಲ್ಲಾದರೂ ಬಂದರೆ ಅದನ್ನು ಹೇಳಿದವರು ಬೇರೆಯವರು, ನಾನಲ್ಲ.

ಮನೆಯಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಿಮ್ಮ ಮಗ ಮಧ್ಯಾಹ್ನ ಮಣಿಪಾಲದಲ್ಲಿ ಆಫೀಸಿನ ಕ್ಯಾಂಟೀನಿನಲ್ಲಿ ಉಣ್ಣುತ್ತಾರೆ, ರಾತ್ರಿ ಮನೆಯಲ್ಲಿ ಉಣ್ಣುವಾಗ ತಟ್ಟೆಯಿಂದ ಮುಖ ಎತ್ತುವುದಿಲ್ಲ. ಶರ್ವಾಣಿ ಅಷ್ಟು ದೊಡ್ಡ ಮನಸ್ಸಿನವಳಲ್ಲ. ಮೊನ್ನೆ ನಾನು ಬಡಿಸಿದ್ದನ್ನು ಬೆರಳಿನಲ್ಲಿ ಎತ್ತಿ ನೋಡಿ, "ಅಮ್ಮಾ, ಇದು ಎಂತ? ಉಪ್ಪಿಟ್ಟಾ, ಗಂಜಿಯಾ?" ಎಂದು ಕೇಳಿದಳು. ಐದನೇ ಕ್ಲಾಸಿನ ಹುಡುಗಿಗೆ ಎಷ್ಟು ನಾಲಿಗೆ ನೋಡಿ! ಆದರೆ ಪ್ರಶ್ನೆ ನ್ಯಾಯವಾದದ್ದೇ, ಏಕೆಂದರೆ ಅದು ಏನೆಂದು ನನಗೂ ಗೊತ್ತಿರಲಿಲ್ಲ. ಕಾಪುವಿನ ಶಾಲೆಯಲ್ಲಿ ಹದಿನಾರು ವರ್ಷದಿಂದ ದ್ರಾವಣ, ದ್ರಾವಕ ಎಂದು ಪಾಠ ಹೇಳುವ ವಿಜ್ಞಾನದ ಟೀಚರಿಗೆ ಒಂದು ಸಾರು ಕುದಿಸಲು ಬರುವುದಿಲ್ಲ ಎಂದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಕಾರ್ಕಳದ ತವರಿನಲ್ಲಿ ಇಬ್ಬರು ಅತ್ತಿಗೆಯರಿದ್ದರು, ಇಲ್ಲಿಗೆ ಬಂದರೆ ನೀವಿದ್ದಿರಿ. ಮದುವೆಯಾಗಿ ಬಂದ ವಾರವೇ ನಾನು ಕಾಯಿ ಹೆರೆಯಲು ಹೋಗಿ ಬೆರಳು ಕೊಯ್ದುಕೊಂಡಾಗ ನೀವು ಹೆರೆಮಣೆಯಿಂದ ನನ್ನನ್ನು ಎಬ್ಬಿಸಿ, "ನೀನು ಶಾಲೆಗೆ ಹೋಗಿ ಮಕ್ಕಳಿಗೆ ಕಲಿಸು, ಒಲೆಗೆ ನಾನುಂಟು" ಎಂದಿರಿ. ಹದಿಮೂರು ವರ್ಷ ಆ ಮಾತಿನ ಮೇಲೆ ಹಾಯಾಗಿ ಉಂಡೆ. ಉಗ್ರಾಣದ ಬೀಗದ ಕೈ ನೀವು ಸೆರಗಿನಿಂದ ಬಿಚ್ಚಿ ಇಟ್ಟಲ್ಲೇ, ಅರೆಯುವ ಕಲ್ಲಿನ ಮೇಲೆಯೇ ಇದೆ. ನಾನು ಮುಟ್ಟಿಲ್ಲ. ಅಕ್ಕಿ, ಬೇಳೆ ಅಂಗಡಿಯಿಂದ ತರಿಸುತ್ತಿದ್ದೇನೆ.

ಈಗ ನನ್ನ ಯೋಜನೆ ಕೇಳಿ. ಈ ಸಲದ ದಸರಾ ರಜೆಯಲ್ಲಿ ನಾನು ಅಡುಗೆ ಕಲಿಯಲು ಹೋಗುತ್ತಿದ್ದೇನೆ. ನಗಬೇಡಿ. ಕೆಮ್ಮಣ್ಣಿನಲ್ಲಿ ಅನಂತೇಶ ಭಟ್ಟರು ಎಂಬವರಿದ್ದಾರೆ, ಮದುವೆ ಮುಂಜಿಗಳ ಅಡುಗೆ ಮಾಡಿ ಮಾಡಿ ಸೊಂಟ ಹಿಡಿದು ಈಗ ಮನೆಯಲ್ಲೇ ಇರುವವರು. ರಜೆಯಲ್ಲಿ ಎಂಟು ದಿನ, ಏನೂ ಬಾರದವರಿಗೆಂದೇ, ಮನೆಯ ಹಿಂದಿನ ಚಪ್ಪರದಲ್ಲಿ ಕಲಿಸುತ್ತಾರೆ. ಅಕ್ಟೋಬರ್ ಎಂಟಕ್ಕೆ ಶುರು, ಹದಿನೈದಕ್ಕೆ ಮುಗಿಯುತ್ತದೆ. ನವರಾತ್ರಿ ಬಂತೆಂದರೆ ಆ ಸೊಂಟದಲ್ಲೂ ಅವರನ್ನು ಯಾರಾದರೂ ಕರೆದುಕೊಂಡು ಹೋಗುತ್ತಾರಂತೆ. ಬೆಳಿಗ್ಗೆ ಐದೂವರೆಗೆ ಒಲೆ ಹೊತ್ತಿಸುವುದರಿಂದಲೇ ಪಾಠ, ಅಷ್ಟು ಹೊತ್ತಿಗೆ ಇಲ್ಲಿಂದ ಬಸ್ಸಿಲ್ಲ. ಹಾಗಾಗಿ ನಾನೂ ಶರ್ವಾಣಿಯೂ ಅಲ್ಲಿಯೇ ಉಳಿಯುವುದು, ನಮ್ಮ ಶಾಲೆಯ ರೋಸಲಿನ್ ಟೀಚರ ಮನೆಯಲ್ಲಿ. ನೀವು ಹುಬ್ಬು ಗಂಟಿಕ್ಕುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಅವರ ಮನೆಯ ಪಕ್ಕದಲ್ಲಿ ಬೇರೆಯೇ ಎರಡು ಕೋಣೆ ಉಂಟು, ಬೇರೆ ಒಲೆಯೂ ಉಂಟು. ಮೀನಿನ ವಾಸನೆ ಗಾಳಿಯಲ್ಲಿ ಬಂದರೆ ಅದಕ್ಕೆ ನಾನೇನು ಮಾಡಲಿ? ಶರ್ವಾಣಿಗೆ ಇದು ಪ್ರವಾಸ. ದೋಣಿ, ಹೊಳೆ, ಬೆಲ್ಲದ ಎಳನೀರು ಎಂದು ಉದ್ದದ ಪಟ್ಟಿ ಮಾಡಿದ್ದಾಳೆ. ಬೆಲ್ಲದ ಎಳನೀರು ಎಂದರೇನೋ ಅವಳಿಗೇ ಗೊತ್ತು. ನನ್ನದೂ ಒಂದು ಪಟ್ಟಿ ಉಂಟು: ಎರಡು ಹಳೆಯ ಹತ್ತಿ ಸೀರೆ, ಇನ್ನೂರು ಪುಟದ ನೋಟ್ ಪುಸ್ತಕ, ಸುಟ್ಟಗಾಯದ ಮುಲಾಮು. ಎಂಟು ದಿನ ನಿಮ್ಮ ಮಗನನ್ನು ಏನು ಮಾಡುವುದೆಂದು ಮಾತ್ರ ಇನ್ನೂ ಬರೆದಿಲ್ಲ. ಅವರೋ, "ಈ ವಯಸ್ಸಿನಲ್ಲಿ ನಿನಗೆ ಇದೆಲ್ಲ ಯಾಕೆ ಮಾರಾಯ್ತಿ, ಅಡುಗೆಗೆ ಒಬ್ಬರನ್ನು ಇಡುವಾ" ಎನ್ನುತ್ತಾರೆ. ಇಡಬಹುದು. ಆದರೆ ಇಟ್ಟವರ ಕೈಗೆ ಆ ಬೀಗದ ಕೈಯನ್ನು ಕೊಡಬೇಕಾಗುತ್ತದೆ. ಆಮೇಲೆ ನೀವು ತಿರುಗಿ ಬಂದು ನಿಲ್ಲುವುದು ಎಲ್ಲಿ? ಅದಕ್ಕೇ ನಾನು ಒಪ್ಪಲಿಲ್ಲ.

ಇಷ್ಟು ಬರೆದು ನಗುನಗುತ್ತಾ ಮುಗಿಸೋಣವೆಂದಿದ್ದೆ. ಆದರೆ ನಿನ್ನೆ ವಾರಿಜಕ್ಕನ ಪತ್ರ ಬಂತು. ನೀವು ಅಲ್ಲಿ ಒಲೆಯ ಹತ್ತಿರವೇ ಹೋಗುವುದಿಲ್ಲವಂತೆ. ಹಾಲು ಇಳಿಸಲೂ ಅವರನ್ನೇ ಕೂಗುತ್ತೀರಂತೆ. ಗ್ಯಾಸ್ ನಂದಿಸಿದ್ದೀಯಾ ಎಂದು ಮೂರು ಮೂರು ಸಲ ಕೇಳುತ್ತೀರಿ, ಬೆಳಿಗ್ಗೆ ಎದ್ದು ಕ್ಯಾಲೆಂಡರಿನ ಮುಂದೆ ನಿಂತು ಇವತ್ತು ಯಾವ ವಾರ ಎಂದು ಬಾಯಲ್ಲಿ ಹೇಳಿಕೊಳ್ಳುತ್ತೀರಿ ಎಂದು ಬರೆದಿದ್ದಾರೆ. ಬರುವ ಶುಕ್ರವಾರ, ಐದನೇ ತಾರೀಕು, ನಿಮ್ಮನ್ನು ದೊಡ್ಡ ಡಾಕ್ಟರಿಗೆ ತೋರಿಸುವುದು, ತಲೆಯ ಸ್ಕ್ಯಾನ್ ಮಾಡಿಸುವುದು, ಮರೆವಿನ ಮಾತ್ರೆ ಶುರು ಮಾಡುವುದು. ಆಮೇಲೆ ನಿಮ್ಮನ್ನು ಅಲ್ಲಿಯೇ ಇಟ್ಟುಕೊಳ್ಳುವುದು, ಏಕೆಂದರೆ ಇಲ್ಲಿ ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಒಲೆಯ ಜೊತೆ ನಿಮ್ಮನ್ನು ಒಬ್ಬರನ್ನೇ ಬಿಡುವುದು ಅಪಾಯ. ಅಕ್ಕ ತಮ್ಮ ಇಬ್ಬರೂ ಫೋನಿನಲ್ಲಿ ಇದನ್ನೆಲ್ಲ ತೀರ್ಮಾನ ಮಾಡಿ ಆಗಿದೆಯಂತೆ. ನೀವು "ಆಗಲಿ" ಎಂದಿರಂತೆ. ಆ ಒಂದು ಮಾತನ್ನು ಮತ್ತೆ ಮತ್ತೆ ಓದಿದೆ. ಹಜಾರದಲ್ಲಿ ಕೂತಲ್ಲಿಂದಲೇ ಹಾಲು ಉಕ್ಕುವ ಹೊತ್ತು ತಿಳಿದು ಎದ್ದು ಬರುತ್ತಿದ್ದ ನೀವು, ಈಗ ನಿಮ್ಮ ತಲೆಯನ್ನು ನೀವೇ ನಂಬದೆ ಕೂತಿದ್ದೀರಿ. ಪತ್ರವನ್ನು ನಾನು ಗಟ್ಟಿಯಾಗಿ ಓದಿದ್ದು ತಪ್ಪಾಯಿತು, ಶರ್ವಾಣಿ ಕೇಳಿಸಿಕೊಂಡಳು. "ಅಜ್ಜಿಗೆ ನನ್ನ ಹೆಸರೂ ಮರೆತು ಹೋಗ್ತದಾ?" ಎಂದಳು. ಆಮೇಲೆ ಒಂದು ರಟ್ಟಿನ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ದೊಡ್ಡದಾಗಿ 'ನಾನು ಶರ್ವಾಣಿ, ನಿಮ್ಮ ಮೊಮ್ಮಗಳು' ಎಂದು ಬರೆದು, ಇದನ್ನು ಅಜ್ಜಿಯ ಹಾಸಿಗೆಯ ಹತ್ತಿರ ಇಡಲು ಹೇಳಿ ಎಂದು ನನ್ನ ಕೈಗೆ ಕೊಟ್ಟಳು. ಅದನ್ನು ಈ ಲಕೋಟೆಯಲ್ಲಿ ಇಟ್ಟಿಲ್ಲ. ಇಡಲು ನನ್ನಿಂದ ಆಗಲಿಲ್ಲ.

ಅನಂತನ ವ್ರತದ ಆ ಮಧ್ಯಾಹ್ನದ ವಿಷಯ ಎತ್ತಬಾರದೆಂದುಕೊಂಡೇ ಬರೆಯಲು ಕೂತದ್ದು. ಎತ್ತದೆ ಮುಂದೆ ಹೋಗಲು ಆಗುತ್ತಿಲ್ಲ. ಇಪ್ಪತ್ತಾರು ಎಲೆ. ನೀವು ಬೆಳಗಿನ ನಾಲ್ಕರಿಂದ ಮಡಿಯಲ್ಲಿ ಒಲೆಯ ಮುಂದೆ. ನೈವೇದ್ಯವಾಗುವ ತನಕ ಯಾರೂ ರುಚಿ ನೋಡುವ ಹಾಗಿಲ್ಲ, ನಾಲಿಗೆಗೆ ಒಂದು ಹನಿ ತಾಗಿಸಿದರೂ ಇಡೀ ಪಾತ್ರೆ ಎಂಜಲು. ನಲವತ್ತೈದು ವರ್ಷ ನೀವು ಹೀಗೆಯೇ, ಬಾಯಿಗೆ ಹಾಕದೆ, ಬರೀ ಕಣ್ಣಳತೆಯಲ್ಲಿ ಉಪ್ಪು ಹಾಕಿದವರು, ಒಂದು ದಿನವೂ ಹೆಚ್ಚು ಕಡಿಮೆಯಾದದ್ದಿಲ್ಲ. ಆ ದಿನ ಎಲೆಗೆ ಬಡಿಸಿದ ಮೇಲೆಯೇ ತಿಳಿದದ್ದು, ಸೌತೆಕಾಯಿ ಹುಳಿ ಬಾಯಿಗಿಡುವಂತಿಲ್ಲ, ಅಷ್ಟು ಉಪ್ಪು. ದೇವರ ಪ್ರಸಾದಕ್ಕೆ ಯಾರೂ ಹೆಸರಿಡುವುದಿಲ್ಲ. ಬಂದವರು ತಲೆ ತಗ್ಗಿಸಿ ಉಂಡರು. ನಾನು ನೀರಿನ ತಂಬಿಗೆ ಹಿಡಿದು ಪಂಕ್ತಿಯಲ್ಲಿ ಓಡಾಡಿದ್ದೇ ಓಡಾಡಿದ್ದು. ಎಲ್ಲರೂ ಹೋದ ಮೇಲೆ ಅಂಗಳದಲ್ಲಿ ನಿಮ್ಮ ಮಗ ಹೇಳಿದರು, "ಅಮ್ಮಾ, ನೀನು ಎರಡು ಸಲ ಉಪ್ಪು ಹಾಕಿದ್ದಿ. ನಿನಗೆ ಮರೆವು ಶುರುವಾಗಿದೆ." ವ್ರತಕ್ಕೆಂದು ಬಂದಿದ್ದ ವಾರಿಜಕ್ಕನೂ ಸೇರಿಸಿದರು, ಕನ್ನಡಕ ಹುಡುಕಿದ್ದು, ಒಂದೇ ಸಂಗತಿಯನ್ನು ಎರಡು ಸಲ ಹೇಳಿದ್ದು. ಕನ್ನಡಕ ನಾನು ದಿನಕ್ಕೆ ನಾಲ್ಕು ಸಲ ಹುಡುಕುತ್ತೇನೆ. ಆದರೆ ಒಮ್ಮೆ ಮರೆವು ಎಂದು ಹೆಸರಿಟ್ಟ ಮೇಲೆ ಹಳೆಯದೆಲ್ಲ ಎದ್ದು ಬಂದು ಸಾಕ್ಷಿ ಹೇಳುತ್ತದೆ. ನೀವು ಜಗಳ ಮಾಡಲಿಲ್ಲ. "ನಾನು ಒಂದೇ ಸಲ ಹಾಕಿದ್ದು" ಎಂದಿರಿ. ಆಮೇಲೆ ನನ್ನ ಕಡೆ ತಿರುಗಿ, "ಪಂಕಜಾ, ನೀನು ಒಳಗೇ ಇದ್ದಿ ಅಲ್ವಾ? ನಾನು ಎರಡು ಸಲ ಹಾಕಿದ್ದು ನೋಡಿದ್ದೀಯಾ?" ಎಂದು ಕೇಳಿದಿರಿ. ನಾನು "ಗೊತ್ತಿಲ್ಲ ಅತ್ತೆ" ಎಂದೆ. ನೀವು "ಹಾಗಾದರೆ ಹಾಕಿದ್ದೇನೋ ಏನೋ" ಎಂದು ಹೇಳಿ ಒಳಗೆ ಹೋಗಿ ಸೆರಗಿನಿಂದ ಬೀಗದ ಕೈ ಬಿಚ್ಚಿದಿರಿ. ಮೂರನೇ ದಿನ ವಾರಿಜಕ್ಕನ ಜೊತೆ ರೈಲು ಹತ್ತಿದಿರಿ.

ಕಳೆದ ಭಾನುವಾರ ಹೆಸರು ಕೊಟ್ಟು ಬರಲು ಕೆಮ್ಮಣ್ಣಿಗೆ ಹೋಗಿದ್ದೆ. ಅಧಿಕ ಮಾಸವಲ್ಲವೇ, ಭಟ್ಟರ ಮನೆಯಲ್ಲಿ ಅಂದು ದೇವರಿಗೆ ವಿಶೇಷ ನೈವೇದ್ಯ. ನನ್ನ ಹಾಗೆಯೇ ಹೆಸರು ಕೊಡಲು ಬಂದಿದ್ದ ಇನ್ನೊಬ್ಬಳು ಮಹಾಲಕ್ಷ್ಮಿ, ಬಾಗಲಕೋಟೆ ಕಡೆಯವಳು, ನಿಟ್ಟೆಯಲ್ಲಿ ಹಾಸ್ಟೆಲಿನ ಹುಡುಗರಿಗೆ ಅಡುಗೆ ಮಾಡುವ ಗುಂಪಿಗೆ ಹೊಸದಾಗಿ ಸೇರಿದ್ದಾಳೆ. ರೊಟ್ಟಿ ತಟ್ಟಲು ಕೂತರೆ ಅವಳ ಮುಂದೆ ಯಾರೂ ಇಲ್ಲವಂತೆ, ಕಾಯಿ ಅರೆದು ಮಾಡುವ ನಮ್ಮ ಅಡುಗೆ ಮಾತ್ರ ಕೈಗೆ ಹತ್ತುತ್ತಿಲ್ಲವಂತೆ. ನಾವಿಬ್ಬರೂ ಚಪ್ಪರದ ಕಂಬದ ಹತ್ತಿರ, ಮಡಿಗೆ ತಾಗದಷ್ಟು ದೂರದಲ್ಲಿ ನಿಂತು ನೋಡುತ್ತಿದ್ದೆವು. ಸಾಲಾಗಿ ನಾಲ್ಕು ಪಾತ್ರೆ. ಭಟ್ಟರು ಒಂದಕ್ಕೆ ಉಪ್ಪು ಹಾಕಿ, ಮುಚ್ಚಿ, ಮುಚ್ಚಳದ ಮೇಲೆ ಸೌಟನ್ನು ಬೋರಲಾಗಿ ಇಟ್ಟರು. ಎರಡನೆಯದಕ್ಕೆ ಹಾಕಿದರು, ಅಲ್ಲಿಯೂ ಸೌಟು ಬೋರಲು. ಉಳಿದೆರಡರ ಮೇಲೆ ಸೌಟು ಅಂಗಾತವೇ ಇತ್ತು. ಹಾಗೆ ಯಾಕೆ ಎಂದು ಕೇಳಿದೆ. ಅವರಿಗೆ ನಗು ಬಂತು. "ನಮಗೆ ರುಚಿ ನೋಡ್ಲಿಕ್ಕಿಲ್ಲ ಅಲ್ವಾ ಟೀಚರೇ? ಮತ್ತೆ ಉಪ್ಪು ಬಿದ್ದದ್ದು ಗೊತ್ತಾಗುವುದು ಹೇಗೆ? ಸೌಟು ಕವುಚಿ ಇಟ್ಟರೆ ಉಪ್ಪು ಬಿದ್ದಿದೆ ಅಂತ. ಆಮೇಲೆ ಆ ಪಾತ್ರೆಗೆ ಯಾರೂ ಕೈ ಹಾಕ್ಲಿಕ್ಕಿಲ್ಲ. ಹಳೇ ಕೈಗಳೆಲ್ಲ ಹೀಗೇ ಮಾಡುವುದು" ಎಂದರು. ಮಹಾಲಕ್ಷ್ಮಿ, "ನಮ್ಮ ಹಾಸ್ಟೆಲ್ನ್ಯಾಗ ಬಾಯಿಲೇ ಒದರತೀವ್ರಿ ಅಕ್ಕಾರ, ಉಪ್ಪ ಬಿತ್ತು ಅಂತ. ಒದರಲಿಲ್ಲಂದ್ರ ಇನ್ನೊಬ್ರು ಹಾಕೇ ಬಿಡ್ತಾರ" ಎಂದಳು. ಅವರಿಬ್ಬರೂ ನಕ್ಕರು. ನಾನು ಅದನ್ನು ಬರೆದುಕೊಳ್ಳೋಣವೆಂದು ಹೊಸ ನೋಟ್ ಪುಸ್ತಕ ತೆರೆದೆ, ಪೆನ್ನು ಮುಂದೆ ಹೋಗಲಿಲ್ಲ. ನನ್ನ ಮುಖ ನೋಡಿ ಭಟ್ಟರ ಹೆಂಡತಿ ಬಿಸಿಲಿಗೆ ತಲೆ ತಿರುಗಿರಬೇಕೆಂದು ನೀರು ಬೆಲ್ಲ ತಂದುಕೊಟ್ಟರು. ನಮ್ಮ ಪ್ರಯೋಗಶಾಲೆಯಲ್ಲಿಯೂ ಯಾವುದನ್ನೂ ರುಚಿ ನೋಡುವ ಹಾಗಿಲ್ಲ, ಅದಕ್ಕೇ ಬಾಟಲಿಗಳಿಗೆ ಚೀಟಿ ಅಂಟಿಸುತ್ತೇವೆ. ಚೀಟಿ ಓದದೆ ಬಾಟಲಿಗೆ ಕೈ ಹಾಕಿದರೆ ಜಾಗ್ರತೆ ಎಂದು ಪ್ರತಿ ವರ್ಷ ಎಂಟನೇ ಕ್ಲಾಸಿನ ಮಕ್ಕಳಿಗೆ ಬೆರಳು ತೋರಿಸಿ ಹೇಳುವವಳು ನಾನು. ಬಸ್ಸಿನಲ್ಲಿ ಇಡೀ ದಾರಿ ನಿಮ್ಮ ಅಡುಗೆಮನೆಯನ್ನೇ ನೆನೆಯುತ್ತಾ ಬಂದೆ.

ಈಗ ಒಂದು ಬೇಡಿಕೆ. ಶುಕ್ರವಾರ ಡಾಕ್ಟರ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕಿ. ವಾರಿಜಕ್ಕನಿಗೆ ಏನಾದರೂ ಹೇಳಿ, ಮಂಡಿ ಮಡಚುವುದಿಲ್ಲವೆಂದೋ, ಅಧಿಕ ಮಾಸ ಕಳೆಯಲಿ ಎಂದೋ. ಅಷ್ಟರಲ್ಲಿ ನನ್ನ ಎಂಟು ದಿನದ ಪಾಠ ಮುಗಿಯುತ್ತದೆ, ನಾನೇ ಪುಣೆಗೆ ಬಂದು ಕರೆದುಕೊಂಡು ಬರುತ್ತೇನೆ. ತೋರಿಸಲೇಬೇಕೆಂದರೆ ಇಲ್ಲಿ ಮಣಿಪಾಲವೇ ಇದೆಯಲ್ಲ. ಭಟ್ಟರು ಕಲಿಸುವುದು ಇನ್ನೂರು ಎಲೆಯ ಲೆಕ್ಕದ ಅಡುಗೆ, ಅದನ್ನು ನಾಲ್ಕು ಜನಕ್ಕೆ ಇಳಿಸಿಕೊಡಲು ಮನೆಯಲ್ಲಿ ನೀವು ಬೇಕು. ಹೀಗೆ ಬರೆದದ್ದನ್ನು ಎರಡು ಸಲ ಓದಿ ನೋಡಿದೆ. ಇದರಲ್ಲಿ ಒಂದೂ ಸರಿಯಾದ ಕಾರಣವಲ್ಲ ಎಂದು ನನಗೇ ಕಾಣುತ್ತಿದೆ, ನಿಮಗೆ ಕಾಣದೆ ಇರುತ್ತದೆಯೇ? ಆದರೂ ಶುಕ್ರವಾರ ಹೋಗಬೇಡಿ.

ನಿಮ್ಮ ಮಗ ನಮಸ್ಕಾರ ತಿಳಿಸಿದ್ದಾರೆ ಎಂದು ಬರೆಯಬೇಕು. ಬಾಯಿ ಬಿಟ್ಟು ತಿಳಿಸಿಲ್ಲ, ಆದರೆ ನಿಮ್ಮ ಮಣೆಯ ಮೇಲೆ ಶರ್ವಾಣಿ ಕೂತರೂ ಎಬ್ಬಿಸುತ್ತಾರೆ. ವಾರಿಜಕ್ಕನಿಗೂ ಅವರ ಮನೆಯವರಿಗೂ ನನ್ನ ನೆನಪುಗಳು. ಒಲೆಯ ಮುಂದೆ ನಿಂತಾಗ ನನ್ನ ಅಳತೆ ತಪ್ಪದ ಹಾಗೆ ಅಲ್ಲಿಂದಲೇ ಹರಸಿ.

ನಿಮ್ಮ ಸೊಸೆ,
ಪಂಕಜಾ

ವಿ.ಸೂ.: ಇದನ್ನು ಉಡುಪಿಯ ಅಂಚೆ ಕಚೇರಿಯಲ್ಲಿ, ಗೋಂದಿನ ಬಾಟಲಿಯ ಪಕ್ಕದಲ್ಲಿ ನಿಂತು ಬರೆಯುತ್ತಿದ್ದೇನೆ. ಸ್ಪೀಡ್ ಪೋಸ್ಟಿನ ಕಿಟಕಿ ಮುಚ್ಚಲು ಹತ್ತು ನಿಮಿಷ ಉಂಟು. ಮಂಗಳವಾರ ಗಾಂಧಿ ಜಯಂತಿ, ಇವತ್ತು ಹೋಗದಿದ್ದರೆ ಶುಕ್ರವಾರದೊಳಗೆ ನಿಮ್ಮ ಕೈಗೆ ಸಿಗುವುದಿಲ್ಲ. ಲಕೋಟೆಗೆ ಅಂಟು ಹಚ್ಚಲು ಹೋದೆ, ಮನಸ್ಸು ಒಪ್ಪಲಿಲ್ಲ. ಆ ದಿನ ಪುರೋಹಿತರು ಕರೆದರೆಂದು ನೀವು ದೇವರ ಕೋಣೆಗೆ ಹೋದಿರಿ. ಅಂದು ಜನ ಹೆಚ್ಚೆಂದು ನೀವು ಒಪ್ಪಿ ಕೊಟ್ಟ ಕಾಯಿಗಳನ್ನು ನಾನು ಮಡಿಯಲ್ಲಿ ಹೆರೆದು ಮುಗಿಸಿ ಸುಮ್ಮನೆ ಕೂತಿದ್ದೆ. ಹುಳಿ ಒಲೆಯ ಬದಿಯಲ್ಲಿ ಮುಚ್ಚಿಟ್ಟಿತ್ತು, ಉಪ್ಪಿನ ಭರಣಿ ಬಾಯಿ ತೆರೆದು ಅಲ್ಲೇ ಇತ್ತು. ಗಡಿಬಿಡಿಯಲ್ಲಿ ನೀವು ಉಪ್ಪು ಹಾಕಲಿಲ್ಲವೇನೋ ಎಂದುಕೊಂಡೆ. ಅಷ್ಟೇ ಅಲ್ಲ, ನಿಜ ಹೇಳುತ್ತೇನೆ, ಹದಿಮೂರು ವರ್ಷದಲ್ಲಿ ಒಂದು ಸಲವಾದರೂ ಈ ಮನೆಯ ಹುಳಿಗೆ ನನ್ನ ಕೈ ಬೀಳಲಿ ಎಂದು ಆಸೆಯಾಯಿತು. ಒಂದು ಹಿಡಿ ತುಂಬ ಹಾಕಿದೆ. ಅಂಗಳದಲ್ಲಿ ನೀವು ಕೇಳಿದಾಗ ನನಗೆ ಗೊತ್ತಿತ್ತು. ಎಲ್ಲರ ಮುಂದೆ ಹೇಳಲು ನಾಚಿಕೆಯಾಯಿತು. ಆಮೇಲೆ, ನನ್ನ ಹಿಡಿ ಇಲ್ಲದಿದ್ದರೂ ಅದು ಉಪ್ಪಾಗುತ್ತಿತ್ತೇನೋ ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ದಿನ ಕಳೆದೆ. ಕೆಮ್ಮಣ್ಣಿನಲ್ಲಿ ಆ ನೆಪವೂ ಹೋಯಿತು. ಈ ಕಾಗದವನ್ನು ವಾರಿಜಕ್ಕನಿಗೂ ಓದಲು ಕೊಡಿ. ನಿಮ್ಮ ಮಗನಿಗೆ ಇವತ್ತು ಸಂಜೆ ನಾನೇ ಹೇಳುತ್ತೇನೆ. ಬುಧವಾರ ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆ, ಬೈಯಲಿಕ್ಕಾದರೂ ನೀವೇ ಎತ್ತಿ. ಕಿಟಕಿಯವರು ಕರೆಯುತ್ತಿದ್ದಾರೆ. ನೀವು ಒಂದೇ ಸಲ ಹಾಕಿದ್ದು. ಸೌಟು ಮುಚ್ಚಳದ ಮೇಲೆ ಬೋರಲಾಗಿಯೇ ಇತ್ತು ಅತ್ತೆ, ನಾನೇ ಅದನ್ನು ಎತ್ತಿ ಬದಿಗಿಟ್ಟೆ.